ಎರಡನೇ ಜೀಪಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಈ ಪ್ರಪಂಚದಲ್ಲಿ ಯಾವ ವಸ್ತುವನ್ನೂ ಒಂಟಿಯಾಗಿ ನಂಬಿದವರಲ್ಲ. ಪಂಚೆ ಉಟ್ಟರೆ ಅದರ ಮೇಲೊಂದು ಬೆಲ್ಟು. ಬೆಲ್ಟು ಕೈಕೊಟ್ಟರೆ ಇರಲಿ ಅಂತ ಒಳಗೊಂದು ದಾರ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೆ ಮತ್ತೊಂದು. ಮಾದಾಪುರದ ಪೇಟೆಯಲ್ಲಿ ಮಳೆಗಾಲದಲ್ಲಿ ಎರಡು ಕೊಡೆ ಇಟ್ಟುಕೊಂಡು ಓಡಾಡುವವರನ್ನು ನೀವು ಕಂಡಿದ್ದರೆ ಅದು ಅವರೇ. ಒಂದು ಬಿಚ್ಚಿರುತ್ತದೆ, ಇನ್ನೊಂದು ಕಂಕುಳಲ್ಲಿರುತ್ತದೆ. ಜೊತೆಗಿದ್ದವರು ತೊಪ್ಪೆಯಾಗಿ ನೆನೆದರೂ ಆ ಇನ್ನೊಂದನ್ನು ಕೊಡುವಂತಿಲ್ಲ. ಅದು ಡ್ಯೂಟಿಯಲ್ಲಿದೆಯಂತೆ!

ಇದೆಲ್ಲ ಅವರ ನೌಕರಿ ಅಂಟಿಸಿದ ಕಾಯಿಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ಘಟ್ಟದ ಕೆಳಗಿನ ಒಂದು ವಿದ್ಯುದಾಗಾರದಲ್ಲಿ ಟರ್ಬೈನಿನ ಕಂಟ್ರೋಲ್ ಪ್ಯಾನಲ್ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಟರ್ಬೈನಿಗೆ ನೀರು ಬಿಡುವ ಗೇಟು ಎಷ್ಟು ತೆರೆಯಬೇಕು ಅಂತ ಹೇಳುವುದು ಒಂದು ಸಣ್ಣ ಕರೆಂಟು. ಅದನ್ನು ಕಳಿಸಲು ಒಂದರ ಬದಲು ಎರಡು ಎಲೆಕ್ಟ್ರಾನಿಕ್ ಕಾರ್ಡುಗಳು. ಹನ್ನೆರಡು ಮಿಲಿ ಆಂಪ್ ಬೇಕಾದರೆ ಇದು ಆರು, ಅದು ಆರು. ಒಂದು ಸತ್ತರೆ ಇನ್ನೊಂದು ಆ ಕ್ಷಣದಲ್ಲೇ ಹನ್ನೆರಡನ್ನೂ ಹೊರಬೇಕು. ಗೇಟಿಗೆ ವಿಷಯವೇ ಗೊತ್ತಾಗಬಾರದು!

ಚಿಕ್ಕಮ್ಮನಿಗೆ ಇದನ್ನು ಅವರು ಅಡುಗೆಮನೆಯ ಭಾಷೆಯಲ್ಲಿ ಹೇಳಿದ್ದರು. ಒಂದು ಹಂಡೆ ಸಾರನ್ನು ಆಚೆ ಈಚೆ ಇಬ್ಬರು ಹಿಡಿದು ಸಾಗಿಸುತ್ತಿದ್ದಾರೆ. ಒಬ್ಬ ಫಕ್ಕನೆ ಕೈಬಿಟ್ಟ. ಇನ್ನೊಬ್ಬ ಸಾರು ತುಳುಕದ ಹಾಗೆ ಹಿಡಿದುಕೊಂಡ. ಅದೇ ಸಿಸ್ಟಮ್ಮು. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, ಮೊದಲು ಕೈಬಿಟ್ಟವನನ್ನು ಕೆಲಸದಿಂದ ತೆಗೆಯಬೇಕು ಅಂದರಂತೆ.

ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನನ್ನು ಕಳೆದುಕೊಂಡು ಇವರ ಮನೆ ಸೇರಿದವಳು ನಾನು. ಬೇರೆ ಮಕ್ಕಳಿಲ್ಲದ ಆ ಮನೆಯಲ್ಲಿ ನಾನೊಬ್ಬಳೇ ಒಂಟಿ ಸಾಮಾನು. ಉಳಿದದ್ದೆಲ್ಲ ಜೋಡಿ. ಗಡಿಯಾರ ಮಾತ್ರ ಮೂರು! ಎರಡಿದ್ದು ಜಗಳವಾಡಿದರೆ ತೀರ್ಪು ಕೊಡುವವರು ಯಾರು? ಆದ್ದರಿಂದ ಮೂರು. ಯಾವ ಎರಡು ಒಂದೇ ಹೇಳುತ್ತವೋ ಅದೇ ನಮ್ಮ ಮನೆಯ ಸಮಯ. ಒಂದು ದಿನ ನನ್ನ ಪರೀಕ್ಷೆಗೆ ಹೊರಡಬೇಕು. ಎರಡು ಗಡಿಯಾರ ಏಳೂಕಾಲು ಅಂದವು, ಮೂರನೆಯದು ಏಳೂ ಮುಕ್ಕಾಲು ಅಂದಿತು. ಚಿಕ್ಕಪ್ಪ ಮೂರನೆಯದನ್ನು ಒಬ್ಬಂಟಿ ತಲೆಹರಟೆ ಎಂದು ಬೈದು, ನಿಧಾನವಾಗಿ ಎರಡನೇ ಲೋಟ ಕಾಫಿ ಕುಡಿದರು. ಬಸ್ಸು ಅಲ್ಪಮತದವರ ಜೊತೆ ಹೊರಟುಹೋಗಿತ್ತು! ಆಮೇಲೆ ಪರಿಶೀಲಿಸಿದರೆ ಹಿಂದೆ ಬಿದ್ದಿದ್ದ ಆ ಎರಡಕ್ಕೂ ಒಂದೇ ಪ್ಯಾಕೆಟ್ಟಿನ ಸೆಲ್ಲು ಹಾಕಿದ್ದರು. ಅವತ್ತಿನಿಂದ ಒಂದಕ್ಕೆ ಮಾದಾಪುರದ ಸೆಲ್ಲು, ಇನ್ನೊಂದಕ್ಕೆ ಸೋಮವಾರಪೇಟೆಯದು, ಮೂರನೆಯದಕ್ಕೆ ಮಡಿಕೇರಿಯದು. ಬಹುಮತವೆಂದರೆ ಎಲ್ಲರೂ ಒಂದೇ ಅಂಗಡಿಯ ಸರಕಾಗಿರಬಾರದು ಎಂಬ ಅವರ ಸಿದ್ಧಾಂತವನ್ನು ನಮ್ಮ ಪಂಚಾಯತಿಗೂ ಅನ್ವಯಿಸಬಹುದಿತ್ತು, ಯಾರೂ ಕೇಳಲಿಲ್ಲ.

ಆ ಸೆಲ್ಲಿನ ನ್ಯಾಯವೇ ಗಂಡ ಹೆಂಡತಿಗೂ. ನಾನು ಕಂಡ ಹಾಗೆ ಅವರಿಬ್ಬರೂ ಒಂದು ವಾಹನದಲ್ಲಿ ಜೊತೆಯಾಗಿ ಕೂತದ್ದೇ ಇಲ್ಲ. ಮದುವೆ ಇರಲಿ, ತಿಥಿ ಇರಲಿ, ಚಿಕ್ಕಮ್ಮ ಮೊದಲ ಬಸ್ಸು, ಚಿಕ್ಕಪ್ಪ ಎರಡನೆಯದು. ಜೀಪಾದರೆ ಎರಡು ಜೀಪು. ಚಿಕ್ಕಮ್ಮ ಊಟ ಮುಗಿಸಿ ಕೈ ತೊಳೆಯುವಾಗ ಇವರು ಚಪ್ಪಲಿ ಬಿಡುತ್ತಿರುತ್ತಾರೆ. ಇವರಿಬ್ಬರಿಗೆ ಮಾತುಕತೆ ಇಲ್ಲವಂತೆ ಅಂತ ನೆಂಟರಿಷ್ಟರಲ್ಲಿ ಸುದ್ದಿ. ಯಾಕೆ ಹೀಗೆ ಅಂತ ಯಾರು ಕೇಳಿದರೂ ಒಂದೇ ಉತ್ತರ: "ಎರಡು ಕಾರ್ಡಿಗೆ ಒಂದೇ ಫ್ಯೂಸ್ ಹಾಕ್ಬಾರ್ದು."

ಚಿಕ್ಕಮ್ಮ ನಗುತ್ತಿದ್ದರು, ಆದರೆ ನೋವೂ ಇತ್ತು. ಒಡವೆ ಬೇಡ, ಕಾಶಿ ಬೇಡ, ಒಂದು ಸಲ ಗಂಡನ ಪಕ್ಕ ಕೂತು ಹೋಗಿ ನಾಲ್ಕು ಜನರೆದುರು ಒಟ್ಟಿಗೆ ಇಳಿಯಬೇಕು, ಅಷ್ಟೇ ಆಸೆ ಎಂದು ನನ್ನ ತಲೆ ಬಾಚುವಾಗ ಹೇಳುತ್ತಿದ್ದರು.

ಕಾಲೇಜಿಗೆಂದು ನಾನು ಹಾಸ್ಟೆಲ್ ಸೇರಿದ ಮೇಲೆ ಮಿಸ್ಡ್ ಕಾಲಿನ ಕಾಟ ಶುರುವಾಯಿತು. ಅವರಿಬ್ಬರೂ ಎಲ್ಲಿಗಾದರೂ ಹೋಗಿ ಮನೆ ಸೇರಿದರೆ ನನ್ನ ಫೋನಿಗೆ ಎರಡು ಮಿಸ್ಡ್ ಕಾಲ್: ಮೊದಲು ಚಿಕ್ಕಮ್ಮನದು, ಗಂಟೆ ಬಿಟ್ಟು ಚಿಕ್ಕಪ್ಪನದು. ಮಾತಿಲ್ಲ ಕಥೆಯಿಲ್ಲ. ಅದಕ್ಕೂ ಟರ್ಬೈನಿನ ಶಾಸ್ತ್ರವಿತ್ತು. ಆ ಸಣ್ಣ ಕರೆಂಟಿನ ತಂತಿಯಲ್ಲಿ ಗೇಟು ಪೂರ್ತಿ ಮುಚ್ಚು ಅನ್ನುವುದಕ್ಕೂ ನಾಲ್ಕು ಮಿಲಿ ಆಂಪ್ ಹರಿಯಬೇಕಂತೆ. ಸೊನ್ನೆ ಬಂದರೆ ತಂತಿ ಕಡಿದಿದೆ ಅಂತ ಅರ್ಥ. "ಹೇಳೋಕೆ ಏನೂ ಇಲ್ದೆ ಇದ್ರೂ ಇದ್ದೀನಿ ಅಂತ ಹೇಳ್ಬೇಕು ಮಗಾ" ಎನ್ನುತ್ತಿದ್ದರು. ನನ್ನ ಗೆಳತಿಯರು ಅವರಿಗೆ ನಾಲ್ಕು ಮಿಲಿ ಅಂಕಲ್ ಅಂತಲೇ ಹೆಸರಿಟ್ಟಿದ್ದರು.

ಇಂಥವರ ಮನೆಗೆ ಹೆಣ್ಣು ನೋಡಲು ಬರುವ ಗಂಡಿನ ಪಾಡು ಕೇಳಬೇಕೆ! ಹುಡುಗ ಕುಶಾಲನಗರದ ಕಡೆಯವನು, ಹಾಸನದಿಂದ ಬಂದು ನೆಲೆಸಿದ ರೈತರ ಮನೆಯವನು, ಪಶು ಆಸ್ಪತ್ರೆಯಲ್ಲಿ ಕೆಲಸ. ಚಿಕ್ಕಪ್ಪ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. ಹಿತ್ತಲಿಗೆ ಕರೆದೊಯ್ದು ನೀರು ತುಂಬಿದ ಹಂಡೆ ತೋರಿಸಿ, ಒಂದು ಕಡೆ ನೀನು ಹಿಡಿ, ಇನ್ನೊಂದು ಕಡೆ ಅವಳು ಹಿಡೀಲಿ, ಬಚ್ಚಲಿಗೆ ತನ್ನಿ ಅಂದರು. ಜರಿ ಸೀರೆ ಉಟ್ಟುಕೊಂಡು ನಾನು ಹಂಡೆ ಹಿಡಿದೆ. ಅರ್ಧ ದಾರಿಯಲ್ಲಿ ಚಿಕ್ಕಪ್ಪ ನನಗೆ ಕಣ್ಸನ್ನೆ ಮಾಡಿದರು: ಬಿಡು! ಚಿಕ್ಕಂದಿನಿಂದ ಹೇಳಿದ್ದು ಕೇಳಿ ಅಭ್ಯಾಸ, ಬಿಟ್ಟೆ. ಹುಡುಗ ಮಂಡಿಯೂರಿ, ಎದೆಗೆ ಅಪ್ಪಿಕೊಂಡು ಹಿಡಿದ. ಪ್ಯಾಂಟು ಮಸಿಯಾಯಿತು, ಆದರೆ ನೀರು ತುಳುಕಲಿಲ್ಲ. ಚಿಕ್ಕಪ್ಪ ಜಗಲಿಗೆ ಬಂದು, ನಮಗೆ ಒಪ್ಪಿಗೆ ಅಂದರು. ಗಂಡಿನ ಕಡೆಯವರಿಗೆ ಒಪ್ಪಿಗೆಯೋ ಅಂತ ಕೇಳುವುದು ಮರೆತೇ ಹೋಗಿತ್ತು!

ಮದುವೆ ಗೊತ್ತಾದದ್ದೇ ಚಿಕ್ಕಮ್ಮ ಪಟ್ಟು ಹಿಡಿದರು. ಧಾರೆ ಎರೆಯುವವರು ತಾವಿಬ್ಬರು, ಬೇರೆ ಬೇರೆ ಇಳಿದರೆ ಬೀಗರ ಮುಂದೆ ಮಾನ ಏನಾಗಬೇಕು? ಚಿಕ್ಕಪ್ಪ ಕೇಳಲಿಲ್ಲ. ಚಿಕ್ಕಮ್ಮ ಎರಡು ದಿನ ಮಾತು ಬಿಟ್ಟರು. ಅದಕ್ಕೂ ಕೇಳಲಿಲ್ಲ. ಕಡೆಗೆ ಮದುವೆಯ ಬೆಳಿಗ್ಗೆ ಚಿಕ್ಕಮ್ಮ ನನ್ನ ಜೊತೆ ಮೊದಲ ಜೀಪಿನಲ್ಲಿ ಮುಖ ಊದಿಸಿಕೊಂಡು ಹೊರಟರು. ಚಿಕ್ಕಪ್ಪ ಎರಡನೇ ಜೀಪಿನಲ್ಲಿ ಇಬ್ಬರು ಪುರೋಹಿತರ ಜೊತೆ ಬಂದರು. ಹೌದು, ಇಬ್ಬರು! ಒಬ್ಬರಿಗೆ ಗಂಟಲು ಕಟ್ಟಿದರೆ? ಗಂಟಲು ಕಟ್ಟಲಿಲ್ಲ, ಮುಹೂರ್ತಕ್ಕೆ ಇಬ್ಬರೂ ಜಗಳ ಕಟ್ಟಿಕೊಂಡರು. ಒಬ್ಬರ ಪಂಚಾಂಗಕ್ಕೂ ಇನ್ನೊಬ್ಬರ ಪಂಚಾಂಗಕ್ಕೂ ಕಾಲು ಗಂಟೆ ವ್ಯತ್ಯಾಸ. ಮೂರನೇ ಮತಕ್ಕೆ ಚಿಕ್ಕಪ್ಪ ಅಡುಗೆಯವರನ್ನು ಕರೆಸಿದರು. ಅನ್ನ ಆರುತ್ತದೆ ಎಂದು ಅವರು ಬೇಗಿನ ಮುಹೂರ್ತಕ್ಕೆ ಮತ ಹಾಕಿದರು. ನನ್ನ ಮದುವೆ ನಡೆದದ್ದು ಹಾಗೆ.

ಸಂಜೆ ಹೆಣ್ಣು ಒಪ್ಪಿಸುವ ಹೊತ್ತು. ಛತ್ರದ ಮುಂದೆ ಎರಡು ಜೀಪೂ ನಿಂತಿದ್ದವು. ಚಿಕ್ಕಮ್ಮ ಅತ್ತು ಮುಗಿಸಿ, ಅಭ್ಯಾಸದಂತೆ ಮೊದಲನೆಯದರ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಚಿಕ್ಕಪ್ಪ ಎರಡನೇ ಜೀಪಿನ ಡ್ರೈವರಿಗೆ, ನೀನು ಪಾತ್ರೆ ಸಾಮಾನು ತಗೊಂಡು ಹೋಗು ಅಂದರು. ಆಮೇಲೆ ಬಂದು ಚಿಕ್ಕಮ್ಮನ ಪಕ್ಕ ಕೂತುಬಿಟ್ಟರು.

"ಏನ್ರೀ ಇದು?" ಅಂದರು ಚಿಕ್ಕಮ್ಮ.

ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು.

"ಅಣ್ಣ ಅತ್ತಿಗೆ ಅವತ್ತು ಒಂದೇ ಜೀಪಲ್ಲಿ ಹೋದ್ರು ಮಗಾ. ಇಬ್ರೂ ಬರ್ಲಿಲ್ಲ. ನೀನು ಬಾಗ್ಲಲ್ಲಿ ಕೂತು ಕಾಯ್ತಾನೇ ಇದ್ದೆ. ಇನ್ನೊಂದ್ ಸಲ ನಿಂಗೆ ಹಾಗಾಗ್ಬಾರ್ದು ಅಂತ ಇತ್ತು, ಅಷ್ಟೆ." ನನ್ನ ಗಂಡನ ಕಡೆ ಕೈ ತೋರಿಸಿದರು. "ಈಗ ಇವ್ರು ಇದ್ದಾರಲ್ಲ. ಹಂಡೆ ತುಳುಕಿಸ್ಲಿಲ್ಲ."

ಇಷ್ಟು ವರ್ಷ ಆ ಎರಡನೇ ಜೀಪನ್ನು ಹೇಳಿಕೊಂಡು ನಾನೆಷ್ಟು ಜನರನ್ನು ನಗಿಸಿದ್ದೆ! ಹೆತ್ತವರು ಹೋದದ್ದು ಜೀಪಿನಲ್ಲಿ ಎಂದು ಗೊತ್ತಿದ್ದೂ ಒಂದು ದಿನವಾದರೂ ಯೋಚಿಸಿದ್ದೆನೆ? ನಾಚಿಕೆಯಾಯಿತು. ಚಿಕ್ಕಮ್ಮ ಸೆರಗಿನಿಂದ ಚಿಕ್ಕಪ್ಪನ ಕಣ್ಣು ಒರೆಸಲು ಹೋಗಿ, ಹಣೆಯ ಮೇಲಿದ್ದ ಎರಡನೇ ಕನ್ನಡಕವನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಜೀಪು ಹೊರಟಿತು. ನಾನು ಜನರೆದುರೇ ಅತ್ತೆ.

ಗಂಡನ ಮನೆಯಲ್ಲಿ ದೀಪ ಹಚ್ಚಿ, ಹಾಲು ಹಣ್ಣು ಮುಗಿಸಿ, ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಕಡೆಗೆ ಮಿಸ್ಡ್ ಕಾಲ್ ಬಂತು. ಚಿಕ್ಕಮ್ಮನದು. ಎರಡನೆಯದಕ್ಕೆ ಕಾದೆ. ಆಮೇಲೆ ನೆನಪಾಯಿತು, ಅವತ್ತು ಒಂದೇ ಬರುವುದು.