ಮಂಚ ನಡುಗಿಸುವ ಹಂಬಕರ್

ನನ್ನ ಮೈದುನನಿಗೆ ತಲೆ ಸರಿಯಿಲ್ಲ ಎಂದು ಕಡಿಯಾಳಿಯಲ್ಲಿ ಹೇಳದವರು ಇಬ್ಬರೇ. ಒಬ್ಬಳು ಗುಡಿಯೊಳಗಿನ ದೇವಿ, ಇನ್ನೊಬ್ಬರು ಹಾಸಿಗೆ ಹಿಡಿದಿದ್ದ ನನ್ನ ಅತ್ತೆ.

ಹಗಲು ಪರ್ಕಳದಲ್ಲಿ ಸುಟ್ಟ ಪಂಪುಗಳಿಗೆ ತಂತಿ ಸುತ್ತುವ ಕೆಲಸ, ಸಂಜೆ ಎಲೆಕ್ಟ್ರಿಕ್ ಗಿಟಾರು. ಅವನಿಗೆ ಬೇಕಾದದ್ದು ಒಂದೇ, ಕಂಬ ಹಲಗೆ ನಡುಗಿಸುವ ಭಾರದ ಸ್ವರ! ಕಾರ್ಕಳಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದರೆ, ಹುಡುಗಿ ಕಾಫಿ ತಂದಾಗ ಇವನು ಅವರ ಚಾವಡಿಯ ಕಂಬಕ್ಕೆ ಕಿವಿಯಿಟ್ಟು ಗುದ್ದುತ್ತಿದ್ದ.

"ಹುಡುಗಿ ಹೇಗುಂಟು?" ಎಂದೆ.

"ಕಂಬ ಒಳ್ಳೆದುಂಟು ಅತ್ತಿಗೆ. ಹಲಸು."

ಹುಡುಗಿ ಬಚಾವಾದಳು. ಅದೂ ದೇವರ ದಯೆಯೇ ಅಲ್ಲವೇ?

ಅತ್ತೆಗೆ ಕಣ್ಣು ಹೋಗಿ ವರ್ಷವಾಗಿತ್ತು, ಕಿವಿ ಅದಕ್ಕೂ ಮೊದಲೇ. ಪಾರ್ಶ್ವವಾಯು ಬಡಿದ ಮೇಲೆ ಉಳಿದದ್ದು ಒಂದು ಕೈ, ತೊದಲು ಮಾತು. ಉಳಿಯಿತಲ್ಲ! ಆದರೆ ಗಂಡಸರ ಕೈ ತಾಗಿದರೆ ಸಾಕು, "ಡಾಕ್ಟ್ರೇ, ಸೂಜಿ ಬೇಡ" ಎಂದು ಕಿರುಚುತ್ತಿದ್ದರು. ಮಗನ ಕೈಗೂ ಅದೇ ಕಿರುಚಾಟ. ಅವನು ಮುಟ್ಟುವುದನ್ನೇ ಬಿಟ್ಟ.

ಆ ಮಳೆಗಾಲದಲ್ಲಿ ಗಿಟಾರಿನ ಹಳೆಯ ಪಿಕಪ್ ಸತ್ತಿತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಸ್ವರ ಹಿಡಿಯುವ ಅಯಸ್ಕಾಂತದ ಸುರುಳಿ. ಅತ್ತೆ ದಿನಾ ಸಂಜೆ "ಅವ ಬಂದನಾ?" ಎಂದು ಕೇಳತೊಡಗಿದ್ದು ಆಗಲೇ. ನಾನು ಅವರ ಕೈ ಅದುಮಿ ಹೌದೆನ್ನುತ್ತಿದ್ದೆ. ಅವನು ಬಾರದ ದಿನವೂ ಅದುಮುತ್ತಿದ್ದೆ. ಅವರಿಗೆ ಗೊತ್ತಾಗಿರಬೇಕು.

ಅಷ್ಟರಲ್ಲಿ ಕಾಪುವಿನ ಬ್ಯಾರಿ ಗೆಳೆಯ ಗಲ್ಫಿನಿಂದ ಹಂಬಕರ್ ಎಂಬ ಜಾತಿಯ ಎರಡು ಪಿಕಪ್ ತಂದ. ಕಪ್ಪು ಮುಚ್ಚಳದ್ದೊಂದು, ಬೆಳ್ಳಿ ಬಣ್ಣದ್ದೊಂದು. ಆರಿಸಿಕೊಂಡದ್ದು ಇವನಿಗೆ, ಇನ್ನೊಂದು ಗಲ್ಫಿನ ಬೇರೆ ಗೆಳೆಯನಿಗೆ ವಾಪಸು.

"ಇದರಲ್ಲಿ ಎರಡು ಸುರುಳಿ ಅತ್ತಿಗೆ. ಒಂದಕ್ಕೊಂದು ಉಲ್ಟಾ. ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ತಿನ್ನುತ್ತದೆ. ಹಾಡು ಮಾತ್ರ ಉಳಿಯುತ್ತದೆ."

"ನಾನೂ ನಿನ್ನ ಅಣ್ಣನೂ ಇದ್ದ ಹಾಗೆ. ಹಾಡು ಮಾತ್ರ ಉಳಿಯಲಿಲ್ಲ," ಎಂದೆ.

ಅವನು ನಗಲಿಲ್ಲ. "ನೀವು ಅಮ್ಮನ ಮಂಚಕ್ಕೆ ಕೈ ಇಡಿ. ಯಾವುದಕ್ಕೆ ಹೆಚ್ಚು ನಡುಗ್ತದೆ ಹೇಳಿ."

ಅವನ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ಹಲಗೆಯ ಗೋಡೆ, ಅದಕ್ಕೆ ತಾಗಿ ಮಂಚ. ಬೆಳ್ಳಿಯದು ನುಡಿದಾಗ ಮಂಚಕ್ಕೆ ಏನೂ ಆಗಲಿಲ್ಲ. ಅದನ್ನು ಬಿಚ್ಚಿ ಕಪ್ಪನ್ನು ಬೆಸುಗೆ ಹಾಕಿ ಬಾರಿಸಿದ ನೋಡಿ, ಚೆಂಬಿನ ನೀರು ನಡುಗಿತು! ಸಾಯುವ ತಾಯಿಯ ಮಂಚ ಅಲ್ಲಾಡಿಸುವ ಮಗನುಂಟೇ? ನನಗೆ ಸಿಟ್ಟು ಬಂತು.

"ಬೆಳ್ಳಿಯದು!" ಎಂದು ಕೂಗಿದೆ. ದಿನಾ ದೇವರ ಹೆಸರು ಹೇಳುವ ಬಾಯಿ!

ಅವನು ಕಪ್ಪನ್ನು ಇನ್ನೊಮ್ಮೆ ಬಾರಿಸಿ ಕಿವಿಗೊಟ್ಟ, ಆಮೇಲೆ ಬಿಚ್ಚಿದ. ಮರುದಿನ ಕಪ್ಪು ಹಂಬಕರ್ ಕಾಪುವಿಗೆ ಹೋಯಿತು.

ಅಂದು ಸಂಜೆ ಅವನು ಬೆಳ್ಳಿಯದನ್ನು ಬಾರಿಸುತ್ತಿದ್ದ. ಅತ್ತೆ ಕೇಳಿದರು, "ಬಂದನಾ?"

ಕೈ ಅದುಮಿದೆ.

"ನೀನು ಸುಳ್ಳು ಹೇಳ್ತಿ," ಎಂದರು. "ಮೊದ್ಲು ಅವ ಬಂದ್ರೆ ಮಂಚ ಹೇಳ್ತಿತ್ತು."

ಓಡಿಹೋಗಿ ಮೈದುನನ ಎದುರು ನಿಂತು ಎಲ್ಲ ಒಪ್ಪಿಕೊಂಡೆ.

"ನನಗೂ ಸಂಶಯ ಬಂದಿತ್ತು," ಎಂದ. "ಆದ್ರೆ ನೀವು ಸುಳ್ಳು ಹೇಳುವವರಲ್ಲ ಅಂತ ನನ್ನ ಕಿವಿಯನ್ನೇ ಬೈದೆ." ಬೆಳ್ಳಿಯದನ್ನು ಬಿಚ್ಚಲು ಮತ್ತೆ ಬೆಸುಗೆಯ ಕಡ್ಡಿ ಬಿಸಿಗಿಟ್ಟ.

ಪ್ರಾಯಶ್ಚಿತ್ತವೆಂದು ಬೆಳಿಗ್ಗೆ ನಾನೇ ಬೆಳ್ಳಿಯದನ್ನು ಸೆರಗಿಗೆ ಕಟ್ಟಿಕೊಂಡು ಕಾಪುವಿನ ಬಸ್ಸು ಹತ್ತಿದೆ. ಗೆಳೆಯ ಗಲ್ಫಿಗೆ ಹೊರಟು ನಿಂತಿದ್ದ.

"ಪೆಟ್ಟಿಗೆಗೆ ಹಗ್ಗ ಕಟ್ಟಿ ಆಯ್ತಲ್ಲ ಅಕ್ಕ! ಎಂತ ಆಯ್ತು?"

"ನನ್ನ ಬಾಯಿಗೆ ಕಟ್ಟಬೇಕಿತ್ತು ಮಾರಾಯ," ಎಂದು ನಡೆದದ್ದನ್ನು ಹೇಳಿದೆ. ಅವನು ಹಗ್ಗ ಬಿಚ್ಚಿ ಕಪ್ಪನ್ನು ತೆಗೆದುಕೊಟ್ಟ. ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಚಹಾ ಕೊಟ್ಟರು.

ಸಂಜೆ ಚೆಂಬಿನ ನೀರು ನಡುಗಿತು. ಅತ್ತೆಯ ಕೈ ಮಂಚದ ಹಲಗೆಯನ್ನು ಹುಡುಕಿ ಅದರ ಮೇಲೆ ಚಪ್ಪಟೆಯಾಗಿ ಕೂತಿತು.

"ಬಂದ," ಎಂದರು. "ಅವನಿಗೆ ಬಡಿಸು."

ಆಮೇಲೆ ಹತ್ತೊಂಬತ್ತು ದಿನ ಇದ್ದರು. ಹತ್ತೊಂಬತ್ತು ಸಂಜೆಯೂ ಅವರು ನನ್ನನ್ನು ಏನೂ ಕೇಳಲಿಲ್ಲ.