ಸುಪಾರಿ ಹಂತಕನಿಗೆ ನಾನು ಕೊಟ್ಟ ಕಾಟ

ಬೀಳುವುದರಲ್ಲಿ ಕಲಿಯುವುದೇನಿದೆ? ಹಾಗೆಂದುಕೊಂಡೇ ನಾನು ಸಿನಿಮಾದಲ್ಲಿ ಸಾಯಲು ಒಪ್ಪಿಕೊಂಡೆ.

ರಾಮನಗರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಈಗಲೂ ದಿನಾ ಬೆಳಿಗ್ಗೆ ಬಿಳಿ ಕ್ಯಾನ್‌ವಾಸ್ ಶೂ ತೊಟ್ಟು, ಎದೆ ಸೆಟೆಸಿ ಬೆಟ್ಟದ ದಾರಿಯಲ್ಲಿ ನಡೆಯುತ್ತೇನೆ. ಅಲ್ಲೊಂದು ಸಿನಿಮಾ ತಂಡ ಬೀಡುಬಿಟ್ಟಿತ್ತು. ಸುಪಾರಿ ಪಡೆದು ಕೊಲ್ಲುವವನೊಬ್ಬನ ಕಥೆ. ಚಿತ್ರದ ತುಂಬ ಕತ್ತಲೆ, ಮಂಜು, ಹೊಗೆ, ಒಳ್ಳೆಯವರೇ ಇಲ್ಲ. ಇದ್ದ ಒಬ್ಬ ಒಳ್ಳೆಯ ಮುದುಕ ಮೊದಲ ದೃಶ್ಯದಲ್ಲೇ ಸಾಯುತ್ತಾನೆ. ಆ ಮುದುಕನಾಗಬೇಕಿದ್ದವರು ಕೈಕೊಟ್ಟಿದ್ದರು.

ಸಹಾಯಕ ನಿರ್ದೇಶಕಿ ಕಾವ್ಯ, ಚನ್ನಪಟ್ಟಣದವಳು, ನನ್ನ ನಡಿಗೆ ಕಂಡು ಓಡಿ ಬಂದಳು.

"ಸಾರ್, ನಾಳೆ ಹಿಂಗೇ ನಡೀರಿ. ಹಿಂದಿಂದ ಗುಂಡು ಹಾರುತ್ತೆ. ಬಿದ್ಬುಡಿ. ಅಷ್ಟೇ."

ಅಷ್ಟೇ! ಇಡೀ ಬೀದಿಗೆ ವಿಷಯ ಮುಟ್ಟಿಸಿದೆ. ಸಂಜೆ ಹಾಸಿಗೆ ಹಾಸಿಕೊಂಡು ಬೀಳುವ ಅಭ್ಯಾಸ ನಡೆಸಿದೆ. ನನ್ನ ಧರ್ಮಪತ್ನಿ ಜಯಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬಚ್ಚಲಲ್ಲಿ ಜಾರಿ ಬೀಳ್ದಂಗೆ ಇಷ್ಟು ವರ್ಸ ಕಾಯ್ಕೊಂಡ್ ಬಂದಿವ್ನಿ. ಈಗ ನೀವೇ ಬೀಳಕ್ಕೆ ಹೊಂಟ್ರಾ?"

"ಇದು ಕಲೆ, ಜಯಾ."

"ಕಲೆ ಆಗೋದು ಮಂಡಿ ಮ್ಯಾಲೆ ಕಣ್ರೀ!"

ಮರುದಿನ ಹಂತಕನ ಪರಿಚಯವಾಯಿತು. ಹೆಸರು ನಿಂಗರಾಜು, ದೊಡ್ಡಆಲಹಳ್ಳಿಯವನು. ಕಪ್ಪು ಕೋಟು, ಕೆನ್ನೆಯಲ್ಲಿ ಬರೆದ ಗಾಯ, ಕೆಂಪು ಕಣ್ಣು. ನೋಡಿದರೆ ಎದೆ ಝಲ್ಲೆನ್ನಬೇಕು. ಹತ್ತಿರ ಬಂದವನೇ ಕೈಮುಗಿದು, "ತಿಂಡಿ ಆಯ್ತಾ ಸಾರ್?" ಎಂದ.

ನಿರ್ದೇಶಕರು "ಆಕ್ಷನ್" ಎಂದರು. ನಡೆದೆ. ಬೆನ್ನ ಹಿಂದೆ ಢಂ!

ಶಾಲೆಯ ಕ್ರೀಡಾಕೂಟಗಳಲ್ಲಿ ಓಟ ಶುರುಮಾಡುವ ಪಿಸ್ತೂಲು ಸದಾ ಇದ್ದದ್ದು ನನ್ನ ಕೈಯಲ್ಲಿ. "ಆನ್ ಯುವರ್ ಮಾರ್ಕ್ಸ್, ಸೆಟ್" ಎನ್ನದೆ ಗುಂಡು ಹಾರುವುದು ನಾನು ಕಂಡು ಕೇಳರಿಯದ ಅಶಿಸ್ತು. ಗರ್ರನೆ ತಿರುಗಿ, ಗುಂಡಿಗೆ ಮೊದಲೇ ಓಡುವ ಹುಡುಗರಿಗೆ ಕೂಗುತ್ತಿದ್ದಂತೆಯೇ ಕೂಗಿದೆ.

"ಫಾಲ್ಸ್ ಸ್ಟಾರ್ಟ್! ಗೆರೆ ಹಿಂದಕ್ಕೆ ಹೋಗಲೋ!"

ಕ್ರೂರ ಹಂತಕ ತಲೆತಗ್ಗಿಸಿ ಹಿಂದಕ್ಕೆ ಹೋದ!

ಎರಡನೆಯ ಸಲ ಬಿದ್ದೆ. ಆದರೆ ಶಿಸ್ತಾಗಿ ಬಿದ್ದೆ. ಗುಂಡು ತಗಲಿದ ಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟೆ, ಅಂಗಿ ಸರಿಮಾಡಿಕೊಂಡೆ, ಅಂಗಾತ ಮಲಗಿ ಹಿಮ್ಮಡಿ ಜೋಡಿಸಿದೆ.

"ಮೇಷ್ಟ್ರೇ, ನಾನು ಕೇಳಿದ್ದು ಶವ. ಶವಾಸನ ಅಲ್ಲ!" ಎಂದು ನಿರ್ದೇಶಕರು ಕಿರುಚಿದರು.

ಮೂರನೆಯ ಸಲ ಚೆನ್ನಾಗಿಯೇ ಸತ್ತಿದ್ದೆ. ಹಂತಕ ನನ್ನ ಪಕ್ಕದಲ್ಲೇ ಬೀಡಿ ತುಂಡು ಎಸೆದ. ಹೆಣ ಎದ್ದು ಕೂತು, "ಎತ್ತು ಅದನ್ನ!" ಎಂದಿತು.

ಅವನು ಎತ್ತಿಕೊಂಡ.

ನಿರ್ದೇಶಕರು ನನ್ನನ್ನು ಬಿಟ್ಟು ಕಾವ್ಯಳತ್ತ ತಿರುಗಿದರು. "ಇವ್ರನ್ನ ಕರ್ಕೊಂಡ್ ಬಂದೋಳು ನೀನು. ಮಂಜು ಕರಗೋದ್ರೊಳಗೆ ಶಾಟ್ ಸಿಗ್ಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಹುಡುಗಿ ಕಣ್ಣೊರೆಸಿಕೊಂಡು, ನನಗೇ ನೀರು ತಂದುಕೊಟ್ಟಳು. "ಪರ್ವಾಗಿಲ್ಲ ಸಾರ್, ಇನ್ನೊಂದ್ಸಲ ಮಾಡಾಣ." ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೆಟ್ಟದ ನೆತ್ತಿಯಲ್ಲಿ ಆಗಲೇ ಬಿಸಿಲು ಇಣುಕುತ್ತಿತ್ತು.

ಅಷ್ಟರಲ್ಲಿ ನನ್ನ ಬಿಪಿ ಮಾತ್ರೆ ಹಿಡಿದು ಜಯಮ್ಮ ಬಂದಳು. ವಿಷಯ ಕೇಳಿ ನೇರ ಹಂತಕನ ಬಳಿಗೇ ಹೋದಳು.

"ಲೋ ಮಗ, ನಮ್ಮನೆಯೋರು ಆರ್ಡರ್ ಇಲ್ದೆ ಕೆಮ್ಮದೂ ಇಲ್ಲ. ನೀನು ಒಸಿ ಮೆತ್ತಗೆ ಮಾರ್ಕ್ಸು, ಸೆಟ್ಟು ಅಂದ್ಬುಟ್ಟು ಹೊಡಿ. ಆಗ ಬೀಳ್ತಾರೆ."

"ಸರಿ ಕಣವ್ವ," ಎಂದ ಹಂತಕ.

ನಡೆದೆ. ಬೆನ್ನ ಹಿಂದೆ ಪಿಸುದನಿ: "ಆನ್ ಯುವರ್ ಮಾರ್ಕ್ಸ್..." ಮೈಯೆಲ್ಲ ಜುಮ್ಮೆಂದಿತು. "ಸೆಟ್..."

ಓಡಿಬಿಟ್ಟೆ!

ಯಾಕೆಂದು ಕೇಳಬೇಡಿ. ಜೀವಮಾನವಿಡೀ ಬೇರೆಯವರನ್ನು ಓಡಿಸಿದ ಆ ಮಾತು ಕೊನೆಗೊಮ್ಮೆ ನನ್ನ ಕಾಲಿಗೇ ತಗಲಿತು. ಹಂತಕ ಕಕ್ಕಾಬಿಕ್ಕಿಯಾಗಿ ಗುಂಡು ಹಾರಿಸಿದ. ನಾನು ಕಲ್ಲು ಎಡವಿ ಮುಖ ಅಡಿಯಾಗಿ ಬಿದ್ದೆ. ನಾಚಿಕೆಗೆ ಮೇಲೇಳಲಿಲ್ಲ.

"ಕಟ್! ಅದ್ಭುತ!" ನಿರ್ದೇಶಕರು ಕುಣಿದರು. "ಸಾವಿನ ವಾಸನೆ ಹಿಡಿದು ಓಡಿದ್ರಲ್ಲ ಮೇಷ್ಟ್ರೇ! ಕಾವ್ಯ, ಎಲ್ಲಿ ಹಿಡಿದೆಯಮ್ಮ ಇವ್ರನ್ನ?"

ಮಂಜು ಕರಗಿತು, ಕಾವ್ಯಳ ಕೆಲಸ ಉಳಿಯಿತು. ನಿಂಗರಾಜು ನನ್ನನ್ನು ಎತ್ತಿ ಕೂರಿಸಿ, ತನ್ನ ಕೋಟಿನ ತೋಳಿನಿಂದಲೇ ಮಣ್ಣು ಒರೆಸಿದ. ಜಯಮ್ಮ ಮಂಡಿಗೆ ಅರಿಶಿನ ಮೆತ್ತುತ್ತ, "ಆಯ್ತಲ್ಲ ಕಲೆ!" ಎಂದಳು. ಈ ಮೂವರ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ? ನಾನು ಗುಂಡಿಗೆ ಮೊದಲೇ ಓಡಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲವೆಂಬ ಸಮಾಧಾನವಿತ್ತು.

ಚಿತ್ರ ಊರಿನ ಟಾಕೀಸಿಗೆ ಬಂತು. ಇಡೀ ಬೀದಿಯೊಂದಿಗೆ ಹೋಗಿ ಕೂತೆ. ಪರದೆಯ ಮೇಲೆ ನನ್ನ ಮುಖವೇ ಇಲ್ಲ! ಮಂಜಿನಲ್ಲಿ ಎರಡು ಬಿಳಿ ಶೂ ಬಂದವು. ನಡೆದವು. ಓಡಿದವು. ಆಮೇಲೆ ಢಂ!

ಕತ್ತಲಲ್ಲಿ ಹಿಂದಿನ ಸಾಲಿನಿಂದ ಯಾರೋ ಹಳೆಯ ವಿದ್ಯಾರ್ಥಿ ಕೂಗಿದ: "ಲೇ, ಆ ಶೂ ನಮ್ ಡ್ರಿಲ್ ಮೇಷ್ಟ್ರುದು ಕಣ್ಲಾ!"

ಮರುಕ್ಷಣ ಇಡೀ ಟಾಕೀಸು ಒಂದೇ ದನಿಯಲ್ಲಿ: "ಫಾಲ್ಸ್ ಸ್ಟಾರ್ಟ್ ಸಾಆಆರ್!"

ಎಷ್ಟು ಚೆನ್ನಾಗಿ ಕಲಿತಿದ್ದಾರೆ ನನ್ನ ಮಕ್ಕಳು! ಕಣ್ಣು ತುಂಬಿ ಬಂತು. ತೀರ್ಪಿಗೆ ಎದುರಾಡುವಂತಿಲ್ಲ. ಎದ್ದು, ಕೈಯೆತ್ತಿ ತಪ್ಪೊಪ್ಪಿಕೊಂಡು, ಹಿಂದಿನ ಸಾಲಿಗೆ ಹೋಗಿ ಕೂತೆ.