ಬೇಟೆ ನಾಯಿ ತಂದ ಶೂರ

ಇಡೀ ಕ್ಯಾತನಹಳ್ಳಿಯಲ್ಲಿ ಕಳ್ಳರು ಬಾಯ್ತುಂಬ ಹೊಗಳುವ ಕಾವಲುನಾಯಿ ಯಾವುದಾದರೂ ಇದ್ದರೆ ಅದು ನಮ್ಮ ಮನೆಯದೇ! ತಂದ ಪುಣ್ಯ ನನ್ನದು. ಮೈಸೂರಿನ ಗೆಳೆಯನೊಬ್ಬ "ಇದು ಸ್ಪೇನಿಯಲ್, ಅಪ್ಪಟ ಬೇಟೆ ತಳಿ" ಎಂದದ್ದೇ ತಡ, ಹುಲಿಯನ್ನೇ ಹಿಡಿಯುತ್ತದೆ ಅಂದುಕೊಂಡು ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಬೇಟೆಗಾರ ಹೊಡೆದ ಹಕ್ಕಿಯನ್ನು ಹಲ್ಲು ತಾಗಿಸದೆ ಎತ್ತಿ ತಂದುಕೊಡುವುದಷ್ಟೇ ಈ ತಳಿಯ ಕುಲಕಸುಬು ಎಂದು ಆ ಮಹಾನುಭಾವ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೋಲುಕಿವಿ, ಗುಂಗುರು ಕೂದಲು ನೋಡಿ ಅವ್ವ, "ನಾಯಿ ತತ್ತೀನಿ ಅಂತ ಓಗಿ ಕುರಿಮರಿ ತಂದ್ಬುಟ್ಟಿದ್ದೀಯಲ್ಲಪ್ಪಾ!" ಎಂದಳು.

"ಬೇಟೆ ನಾಯಿ ಕಣವ್ವ. ವಸಿ ದಿನ ತಡಿ, ನೋಡೀವಂತೆ."

ನೋಡಿದಳು. ಊರೆಲ್ಲ ನೋಡಿತು. ಬೆಳಗಾದರೆ ನಾಲೆಗೆ ಧುಮುಕಿ ಈಜುತ್ತಾನೆ (ಅದನ್ನು 'ಅದು' ಅನ್ನಲು ನನಗೆ ಧೈರ್ಯವಿಲ್ಲ!). ಮೈ ಕೊಡವುವುದು ಮಾತ್ರ ನಾನು ಇಸ್ತ್ರಿ ಬಟ್ಟೆ ಹಾಕಿಕೊಂಡ ಮೇಲೆಯೇ. ಗದರಿದರೆ ಮುಗೀತು, ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ನಾನೇ ಹೋಗಿ "ತಪ್ಪಾಯ್ತಪ್ಪ" ಅನ್ನುವವರೆಗೆ ಮುದ್ದೆ ಮುಟ್ಟುವುದಿಲ್ಲ. ಹೆಂಡತಿಗೂ ನಾನು ಹೀಗೆ ಶರಣಾದವನಲ್ಲ. ಅವಳು ಇದನ್ನು ಒಪ್ಪುವುದಿಲ್ಲ, ಆ ಮಾತು ಬಿಡಿ.

ಬೇಸಿಗೆಯಲ್ಲಿ ಪಕ್ಕದೂರಿನವನೊಬ್ಬ ಹಾಡಹಗಲೇ ನಮ್ಮ ಮಾವಿನಮರ ಹತ್ತಿದ. ಇವನು ಬೊಗಳಿದನೇ? ಉದುರಿದ ಕಾಯಿಗಳನ್ನು ಒಂದೊಂದಾಗಿ ಬಾಯಲ್ಲಿ ತಂದು ಕಳ್ಳನ ಚೀಲದ ಪಕ್ಕ ಪೇರಿಸಿದ! ನಾನು ಕೂಗುತ್ತ ಓಡಿಹೋದರೆ ಆ ಆಸಾಮಿ ಗಾಬರಿಯೂ ಆಗದೆ, "ಅಣ್ಣೋ, ಈ ನಾಯಿ ಮಾರೀಯಾ? ಆಳಿಗಿಂತ ಪಸಂದಾಗಿ ಗೇಯ್ತದೆ" ಅನ್ನಬೇಕೆ! ಬೇಟೆ ನಾಯಿ ತಂದ ಶೂರ ಎಂದು ಊರು ನನ್ನನ್ನು ಆಡಿಕೊಳ್ಳಲು ಅಷ್ಟೇ ಸಾಕಾಯಿತು.

ಮೊನ್ನೆ ಕಬ್ಬು ಕಡಿಸಿದ ಮೇಲೆ ಗದ್ದೆಯ ಒಣ ತರಗಿಗೆ ಬೆಂಕಿ ಕೊಟ್ಟೆ. ಗಾಳಿ ಬೀಸಿ ಉರಿ ಭುಗಿಲೆದ್ದಿತು. ಬದುವಿನ ಮೇಲೆ ನನ್ನ ಜೊತೆ ನಿಂತಿದ್ದ ಇವನು ಮೂಗೆತ್ತಿ ಏನೋ ಮೂಸಿದವನೇ ಒಳಕ್ಕೆ ನುಗ್ಗಿಬಿಟ್ಟ.

"ಬಾರ್ಲಾ! ಬಂದ್ಬುಡ್ಲಾ ಈಚೆಗೆ!"

ಗಂಟಲು ಹರಿಯುವಂತೆ ಕೂಗಿದೆ. ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಬದುವಿನ ಮೇಲೆ ನಿಂತು ನಾನು ಗಳಗಳ ಅತ್ತದ್ದು ಅವತ್ತೇ ಮೊದಲು.

ಕೊನೆಗೂ ಹೊರಬಂದ. ಕಿವಿಯ ಕೂದಲು ಸುಟ್ಟಿತ್ತು. ಬಾಯಲ್ಲಿ ಅಂಗೈಯಗಲದ ಮೊಲದ ಮರಿ. ನನ್ನ ಕಾಲ ಬಳಿ ಇಟ್ಟ. ಅದು ಕುಪ್ಪಳಿಸಿ ಬದುವಿನ ಹುಲ್ಲು ಸೇರಿಕೊಂಡಿತು. ಇವನು ಮತ್ತೆ ಬೆಂಕಿಯತ್ತ ತಿರುಗಿದ. ಅಲ್ಲಿ ಇನ್ನೊಂದಿರಬೇಕು.

ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಕೊಸರಾಡಿದ, ಕುಂಯ್‌ಗುಟ್ಟಿದ. ನಮಗೆ ಬುತ್ತಿ ಹೊತ್ತು ಬಂದಿದ್ದ ಅವ್ವ ಬಿಂದಿಗೆಯ ನೀರನ್ನು ಅವನ ಕಿವಿಗೆ ಸುರಿಯುತ್ತ ಮೆಲ್ಲಗೆ ಅಂದಳು:

"ಸಾಕು ಬುಡು ಮಗ. ನಿನ್ನ ಕೈಲಾದ್ದು ಮಾಡ್ದೆ."

ಉರಿ ಆರುವವರೆಗೂ ಅವನು ಆ ಕಡೆಯೇ ನೋಡುತ್ತಿದ್ದ. ನಾನು ಕೈ ಬಿಡಲಿಲ್ಲ.